ಅಗ್ಗದ ಟಿಕೆಟ್‌ಗಿಂತ ಸಂಜೆಗೆ ಹೊಳ್ಳಿ ಬರುವ ವಿಮಾನ ಬೇಕು

ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಟಿಕೆಟ್ ಬುಕಿಂಗ್ ಅಂಗಡಿ. ಬೆಂಗಳೂರಿನ ವಿಮಾನ ವಿಚಾರಿಸಲು ಬಂದವರು ದರ ಕೇಳುವುದು ಆಮೇಲೆ. ಮೊದಲು ಕೇಳುವುದು ಇದು: "ಮುಂಜಾನಿ ಹೋಗಿ ಸಂಜಿಗಿ ಹೊಳ್ಳಿ ಬರ್ಲಿಕ್ಕಿ ಆಗ್ತದೇನ್ರೀ?"

ವಿಮಾನ ಬೆಂಗಳೂರಿನಿಂದ ಬಂದು, ಇಲ್ಲಿ ಅರ್ಧ ತಾಸು ನಿಂತು ವಾಪಸ್ ಹೋದರೆ ಆಗುವುದಿಲ್ಲ. ನಮ್ಮವರು ಅಲ್ಲಿ ಲಾಡ್ಜ್ ಹಿಡಿಯಲೇಬೇಕು. ಅದರ ಬದಲು ರಾತ್ರಿ ರೈಲೇ ಚಲೋ ಅಂತ ಎದ್ದು ಹೋಗುತ್ತಾರೆ.

ನಮ್ಮ ವಿಮಾನ ನಿಲ್ದಾಣ ಶುರುವಾಗಿದ್ದು 2019ರ ನವೆಂಬರ್ 22ಕ್ಕೆ. ಸಣ್ಣ ಊರುಗಳಿಗೂ ವಿಮಾನ ತರುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಲ್ಲಿ ಒಂದಷ್ಟು ಸೀಟಿಗೆ ದರದ ಮಿತಿ ಇರುತ್ತದೆ. ಕಂಪನಿಗೆ ಬೀಳುವ ಕೊರತೆಯನ್ನು ಸರ್ಕಾರ 3 ವರ್ಷ ತುಂಬಿಕೊಡುತ್ತದೆ. ಆಮೇಲೆ ಕಂಪನಿ ತನ್ನ ಕಾಲ ಮೇಲೆ ನಿಲ್ಲಬೇಕು. ಅಲ್ಲೇ ತೊಂದರೆ. ಬೀದರ್‌ನಲ್ಲಿ ವಿಮಾನ ಬಂದು, ನಿಂತು, ಮತ್ತೆ ಬಂದದ್ದನ್ನು ಎಲ್ಲರೂ ನೋಡಿದ್ದೇವೆ.

50 ಸೀಟಿನ ವಿಮಾನದಲ್ಲಿ 20 ಜನ ಕೂತರೂ ಪೈಲಟ್ ಸಂಬಳ, ಕಂಪನಿ ವಿಮಾನಕ್ಕೆ ಕೊಡುವ ಬಾಡಿಗೆ ಅಷ್ಟೇ. ಇಂಧನವೂ ಹೆಚ್ಚುಕಡಿಮೆ ಅಷ್ಟೇ ಸುಡುತ್ತದೆ. ನಮ್ಮ ದೇಶದಲ್ಲಿ ವಿಮಾನ ಕಂಪನಿಯ ಖರ್ಚಿನಲ್ಲಿ ನೂರಕ್ಕೆ ಸುಮಾರು 40 ಪಾಲು ಇಂಧನಕ್ಕೇ ಹೋಗುತ್ತದೆ. ವಿಮಾನದ ಬಾಡಿಗೆ ಡಾಲರ್‌ನಲ್ಲಿ, ಟಿಕೆಟ್ ರೊಕ್ಕ ರೂಪಾಯಿಯಲ್ಲಿ. ದರ ಇಳಿಸಿ ಇಳಿಸಿ ಈ ಲೆಕ್ಕ ಸರಿ ಮಾಡಲು ಆಗುವುದಿಲ್ಲ.

ನನ್ನ ಪ್ರಕಾರ ವಿಮಾನ ರಾತ್ರಿ ಇಲ್ಲೇ ತಂಗಬೇಕು. ಬೆಳಿಗ್ಗೆ ಆರೂವರೆಗೆ ಹೊರಟು, ಹಗಲೆಲ್ಲ ಬೆಂಗಳೂರಿನಿಂದ ಬೇರೆ ಊರುಗಳಿಗೆ ಓಡಿ, ಸಂಜೆ ನಮ್ಮವರನ್ನು ಕರೆದುಕೊಂಡು ಬರಬೇಕು. ಸಿಬ್ಬಂದಿಯ ಹೋಟೆಲ್ ಖರ್ಚು, ಇಲ್ಲೊಬ್ಬ ಎಂಜಿನಿಯರ್, ಇವೆಲ್ಲ ಜಾಸ್ತಿ ಆಗುತ್ತವೆ, ನಿಜ. ಆದರೆ ವಿಮಾನ ಹಗಲು ಸುಮ್ನೆ ನಿಲ್ಲುವುದಿಲ್ಲ, ಅಲ್ವಾ? ವಿಮಾನ ದುಡಿಯುವುದೇ ಹಾರುವಾಗ.

ಇನ್ನೊಂದು, ಸೀಟುಗಳನ್ನು ಮೊದಲೇ ಸಗಟಾಗಿ ಮಾರಬೇಕು. ಇಲ್ಲಿ ಹೈಕೋರ್ಟ್ ಪೀಠ ಇದೆ, ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳಿವೆ, ದಾಲ್ ಮಿಲ್‌ಗಳಂತೂ ಸಾಲುಸಾಲು. ಇವರೆಲ್ಲ ತಿಂಗಳಿಗೆ ಇಷ್ಟು ಸೀಟು ಅಂತ ಮುಂಗಡ ಕೊಟ್ಟರೆ, ಟಿಕೆಟ್‌ನಲ್ಲಿ ಪ್ರಯಾಣಿಕರ ಹೆಸರು ಬದಲಿಸುವ ಸವಲತ್ತನ್ನು ಕಂಪನಿ ಅವರಿಗೆ ಕೊಡಲಿ. ಖಾಲಿ ಹಾರುವ ಭಯ ಕಂಪನಿಗೆ ಕಡಿಮೆಯಾಗುತ್ತದೆ. ಉಮ್ರಾಕ್ಕೆ, ಅಂದರೆ ಮೆಕ್ಕಾ ಯಾತ್ರೆಗೆ, ಹೋಗುವವರು ವಿಮಾನ ಹತ್ತಲು ಹೈದರಾಬಾದ್‌ಗೆ ಟ್ಯಾಕ್ಸಿ ಮಾಡುತ್ತಾರೆ. ಕಲಬುರಗಿಯಿಂದ ಜೆಡ್ಡಾಕ್ಕೆ ಒಂದೇ ಟಿಕೆಟ್ ಸಿಕ್ಕು, ಲಗೇಜ್ ಇಲ್ಲೇ ಕೊಡುವಂತಾದರೆ ಅವರೂ ಇಲ್ಲಿಂದಲೇ ಹತ್ತುತ್ತಾರೆ.

ವಿಮಾನಗಳ ಬೇಸಿಗೆ ವೇಳಾಪಟ್ಟಿ ಮಾರ್ಚ್ ಕೊನೆಯ ಭಾನುವಾರ ಶುರುವಾಗುತ್ತದೆ. ಅದಕ್ಕೂ ಮೊದಲೇ ಇಲ್ಲಿನ ವ್ಯಾಪಾರಿಗಳು, ವಕೀಲರು ಕೂಡಿ ಸೀಟಿನ ಪಟ್ಟಿ ಮಾಡಿ ಕಂಪನಿಗಳ ಮುಂದೆ ಇಡಬೇಕು. ನನ್ನ ಗಿರಾಕಿಗಳ ಹೆಸರು ಬರೆಸಿಕೊಡಲು ನಾನು ತಯಾರಿದ್ದೇನೆ.