ಹೀರೋನನ್ನು ಬಿಟ್ಟು ಅಂಚು ನೋಡಿ

ಆಟಿಯ ಮಳೆ ಹಿಡಿದಿದ್ದ ಒಂದು ಭಾನುವಾರ ಉಡುಪಿಯ ಕುಂಜಿಬೆಟ್ಟಿನ ಮನೆಯಲ್ಲಿ ನಾಲ್ಕು ಜನ ಸೇರಿ ‘ಬುಲಿಟ್’ (1968) ಸಿನಿಮಾ ಹಾಕಿದೆವು. ಕಥೆ ಎಲ್ಲರಿಗೂ ಗೊತ್ತಿತ್ತು. ಬೇಕಿದ್ದದ್ದು ಸ್ಯಾನ್ ಫ್ರಾನ್ಸಿಸ್ಕೋದ ಕಾರ್ ಚೇಸ್ ಮಾತ್ರ, ಅದೂ ತಪ್ಪು ಹುಡುಕುವುದಕ್ಕೆ.

ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ, ವಿಡಿಯೊ ಪ್ಲೇಯರ್ ಆದ ವಿಎಲ್‌ಸಿಯಲ್ಲಿ ಓಡಿಸುವುದು ಅನುಕೂಲ. ಸ್ಪೇಸ್ ಒತ್ತಿ ನಿಲ್ಲಿಸಿ ‘ಇ’ ಕೀ ಒತ್ತುತ್ತ ಹೋದರೆ ಒಂದೊಂದೇ ಫ್ರೇಮ್ ಸರಿಯುತ್ತದೆ. ಸೆಕೆಂಡಿಗೆ 24 ಫ್ರೇಮ್. ಮೊದಲ ಸಲ ಮಾಮೂಲಿ ವೇಗದಲ್ಲೇ ನೋಡಬೇಕು. ಎರಡನೇ ಸಲ ಹೀರೋನ ಮುಖ ಬಿಟ್ಟು ಫ್ರೇಮಿನ ಅಂಚು, ಹಿಂದೆ ನಿಂತ ವಾಹನ, ಕಾರಿನ ಗಾಜಿನಲ್ಲಿ ಕಾಣುವ ಪ್ರತಿಬಿಂಬ ನೋಡಬೇಕು. ತಪ್ಪು ಇರುವುದು ಅಲ್ಲೇ.

“ಈ ಹಸಿರು ಕಾರನ್ನು ಆಗಲೇ ದಾಟಿದ್ದಲ್ವಾ ಮಾರಾಯ?”

ಹೌದು. ಹಸಿರು ಬೀಟಲ್ ಮತ್ತೆ ಮತ್ತೆ ಎದುರಾಗುತ್ತದೆ. ಒಂದೇ ಓಟವನ್ನು ಹಲವು ಕ್ಯಾಮೆರಾಗಳಲ್ಲಿ ಹಿಡಿದು, ಆ ತುಣುಕುಗಳನ್ನು ಒಂದರ ಹಿಂದೊಂದು ಅಂಟಿಸಿದ್ದರಿಂದ ಹೀಗಾಗಿದೆ. ಕಪ್ಪು ಡಾಡ್ಜ್ ಚಾರ್ಜರ್ ಕಾರಿನದು ಇನ್ನೂ ಸ್ವಾರಸ್ಯ: ಚಕ್ರ ನಾಲ್ಕು, ಕಳಚಿ ಬೀಳುವ ವೀಲ್ ಕ್ಯಾಪ್ ಅದಕ್ಕಿಂತ ಹೆಚ್ಚು. ಎಡಿಟಿಂಗ್ ಟೇಬಲ್ಲಿನಲ್ಲಿ ವೇಗಕ್ಕೆ ಮೊದಲ ಮಣೆ, ವೀಲ್ ಕ್ಯಾಪ್ ಎಣಿಸುವುದು ಆಮೇಲೆ. ಆ ಆಯ್ಕೆ ಸರಿ ಎಂದೇ ನನಗೆ ಅನಿಸುತ್ತದೆ.

ಜೇಮ್ಸ್ ಬಾಂಡ್ ಚಿತ್ರ ‘ಡೈಮಂಡ್ಸ್ ಆರ್ ಫಾರೆವರ್’ನದು (1971) ಬೇರೆ ಜಾತಿಯ ತಪ್ಪು. ಮಸ್ಟಾಂಗ್ ಕಾರು ಗಲ್ಲಿಯೊಳಗೆ ಬಲಬದಿಯ ಎರಡು ಚಕ್ರದ ಮೇಲೆ ನುಗ್ಗಿ, ಆಚೆ ಎಡಬದಿಯ ಚಕ್ರಗಳ ಮೇಲೆ ಬರುತ್ತದೆ. ನಡುವೆ ಕಾರು ವಾಲುವ ದಿಕ್ಕು ಬದಲಾಗುವ ಚಿಕ್ಕ ತುಣುಕು ಸೇರಿಸಿದ್ದಾರೆ. ಅಷ್ಟು ಕಿರಿದಾದ ಗಲ್ಲಿಯಲ್ಲಿ ಅದು ನಂಬುವ ಹಾಗಿಲ್ಲ.

ಗುಂಡು ಎಣಿಸುವವರು ಸದ್ದನ್ನು ನಂಬಬಾರದು. ಸದ್ದು ಆಮೇಲೆ ಸೇರಿಸಿದ್ದು. ನಳಿಕೆಯ ಬೆಂಕಿ ಎಣಿಸಿ. ಆರು ಗುಂಡಿನ ರಿವಾಲ್ವರಿನಿಂದ ಏಳನೆಯದು ಹಾರಿದರೆ ಗೊತ್ತಾಗುತ್ತದೆ. ಗ್ಲಾಕ್ ಪಿಸ್ತೂಲಿಗೆ ಹೊರಗೆ ಹ್ಯಾಮರ್ (ಹೆಬ್ಬೆರಳಿನಿಂದ ಹಿಂದಕ್ಕೆಳೆಯುವ ಕೊಕ್ಕೆ) ಇಲ್ಲ, ಆದರೂ ಅದನ್ನು ಎಳೆದ ‘ಕ್ಲಿಕ್’ ಕೇಳಿಸುವುದುಂಟು. ಕಾರು ಪಲ್ಟಿಯಾಗುವ ಮುಂಚಿನ ಕೆಲವು ಫ್ರೇಮುಗಳಲ್ಲಿ ಚಕ್ರದ ಮುಂದೆ ನೋಡಿ: ನಿಂತ ವಾಹನದ ಮರೆಯಲ್ಲಿ ಕಾರನ್ನು ಎತ್ತಿಹಾಕುವ ಇಳಿಜಾರಿನ ರ್‍ಯಾಂಪ್ ಇಣುಕಬಹುದು. ರಸ್ತೆಯಲ್ಲಿ ಮೊದಲೇ ಟಯರಿನ ಕಪ್ಪು ಗೆರೆ ಬಿದ್ದಿದ್ದರೆ ಅದು ರಿಹರ್ಸಲಿನದು.

ಕರಾವಳಿಯ ಕಣ್ಣಿಗೆ ಬೇಗ ಸಿಗುವುದು ಬೆಳಕು. ಮಲ್ಪೆಯಲ್ಲೋ ಪಣಂಬೂರಿನಲ್ಲೋ ತೆಗೆದ ದೃಶ್ಯದಲ್ಲಿ ಸೂರ್ಯ ಕಡಲಿನ ಮೇಲಿದ್ದು, ಪಾತ್ರಗಳು ಬೆಳಗಾಯಿತು ಎನ್ನುತ್ತಿದ್ದರೆ ಅದು ಸಂಜೆ ತೆಗೆದದ್ದು. ಜೋರು ಮಳೆಯ ಫೈಟಿನಲ್ಲಿ ನೆಲದ ಮೇಲೆ ಗಟ್ಟಿ ನೆರಳು ಬಿದ್ದಿದ್ದರೆ ಅದು ಟ್ಯಾಂಕರಿನ ನೀರು. ಅಂದು ಕಿಟಕಿಯಾಚೆ ನೋಡಿದರೆ ತೆಂಗಿನ ಮರಕ್ಕೂ ನೆರಳಿರಲಿಲ್ಲ.

ಕೊನೆಗೆ ‘ನಾರ್ತ್ ಬೈ ನಾರ್ತ್‌ವೆಸ್ಟ್’ (1959) ಚಿತ್ರದ ಕೆಫೆಟೇರಿಯಾ ದೃಶ್ಯ. ನಾಯಕಿ ಗುಂಡು ಹಾರಿಸುವ ಮೊದಲೇ ಹಿಂದಿನ ಮೇಜಿನ ಹುಡುಗ ಎರಡೂ ಕಿವಿಗೆ ಬೆರಳಿಟ್ಟುಕೊಳ್ಳುತ್ತಾನೆ. ಹಿಂದಿನ ಟೇಕುಗಳಲ್ಲಿ ಆ ಸದ್ದು ಕೇಳಿ ಹೆದರಿದ್ದನೋ ಏನೋ, ಪಾಪ. ಅದನ್ನು ಮೂರು ಸಲ ಹಿಂದಕ್ಕೆಳೆದು ನೋಡಿದೆವು.