ಮಳೆಗಾಲದಲ್ಲಿ ತಿರುಗಿ ಬಂದ 11 ಅಧ್ಯಾಯಗಳು

ಆಡಿಯೊಬುಕ್ಕಿಗೆ ಓದಿ ಜುಲೈಯಲ್ಲಿ ಕಳಿಸಿದ 11 ಅಧ್ಯಾಯಗಳಲ್ಲಿ ಒಂದೂ ಪಾಸಾಗಲಿಲ್ಲ. ಗುಣಮಟ್ಟ ನೋಡುವ ಕ್ಯೂಸಿಯವರು ಬರೆದದ್ದು ಒಂದೇ ಸಾಲು: ನಾಯ್ಸ್ ಫ್ಲೋರ್ ಮೈನಸ್ 52, ಮಿತಿ ಮೈನಸ್ 60. ನಾಯ್ಸ್ ಫ್ಲೋರ್ ಅಂದರೆ ಮಾತಿಲ್ಲದಾಗಲೂ ಉಳಿಯುವ ಸದ್ದು, ಲೆಕ್ಕ ಡೆಸಿಬಲ್ (ಡಿಬಿ); ಸೊನ್ನೆಯಿಂದ ಕೆಳಗಿಳಿದಷ್ಟೂ ಸದ್ದು ಕಡಿಮೆ. ನಾನು ಅಳೆದಾಗ ಮೈನಸ್ 64 ಇತ್ತು. ಕಳಿಸಿದ ಫೈಲ್ ತೆರೆದು, ಮಾತಿಲ್ಲದ ಐದು ಸೆಕೆಂಡ್ ಹುಡುಕಿ ಮತ್ತೆ ಅಳೆದೆ. 52 ಅಂತಲೇ ತೋರಿಸಿತು. ಬೇರೆ ಅಧ್ಯಾಯ ತೆರೆದೆ, ಅಲ್ಲೂ ಅದೇ. ಎಡಿಟಿಂಗ್ ನೋಡಿಕೊಳ್ಳುವ ಅಕ್ಕನಿಗೆ ಫೋನ್ ಮಾಡಿದರೆ ಅವರು ಕೇಳಿದ್ದು ಇಷ್ಟೇ: "ನೀವು ಅಳೆದಿದ್ದು ಲೆವೆಲ್ ಏರಿಸೋಕೆ ಮುಂಚೆಯೋ, ಆಮೇಲೋ ಮಾರಾಯ್ರೇ?"

ಮುಂಚೆ. ತಪ್ಪಾದದ್ದು ಅಲ್ಲೇ.

ಕೆಲಸ ಕೊಟ್ಟವರು ಕೇಳಿದ್ದು ಆಡಿಯೊಬುಕ್ ವೇದಿಕೆ ಎಸಿಎಕ್ಸ್‌ನ ಅಳತೆ: ಆರ್‌ಎಂಎಸ್ (ದನಿಯ ಸರಾಸರಿ ಮಟ್ಟ) ಮೈನಸ್ 23ರಿಂದ ಮೈನಸ್ 18ರೊಳಗೆ, ಪೀಕ್ (ಅತಿ ಜೋರಿನ ಕ್ಷಣ) ಮೈನಸ್ 3 ದಾಟಬಾರದು, ನಾಯ್ಸ್ ಫ್ಲೋರ್ ಮೈನಸ್ 60ಕ್ಕಿಂತ ಕೆಳಗೆ. ರೆಕಾರ್ಡಿಂಗಿನಲ್ಲಿ ನನ್ನ ದನಿ ಮೈನಸ್ 32ರಲ್ಲಿತ್ತು. ಅದನ್ನು ಮೈನಸ್ 20ಕ್ಕೆ ತರಲು 12 ಡಿಬಿ ಏರಿಸಿದೆ. ದನಿಯ ಜೊತೆ ಹೆಂಚಿನ ಮೇಲಿನ ಮಳೆಯೂ 12 ಡಿಬಿ ಏರಿತು. ಹಾಗಾಗಿ ಮೌನವನ್ನು ಒಂದನ್ನೇ ಅಳೆದು ಪ್ರಯೋಜನವಿಲ್ಲ, ದನಿಗೂ ಮೌನಕ್ಕೂ ನಡುವಿನ ಅಂತರ ನೋಡಬೇಕು. ಕನಿಷ್ಠ 37 ಡಿಬಿ ಬೇಕು, 40 ಇದ್ದರೆ ನಿಶ್ಚಿಂತೆ. ನನ್ನಲ್ಲಿದ್ದದ್ದು 32. ಅಳತೆಯ ಪಟ್ಟಿ ಕೊಡುವವರು ಇದೊಂದು ಸಾಲನ್ನು ಸೇರಿಸಿದರೆ ಎಷ್ಟೋ ಹೊಸಬರ ತಿಂಗಳು ಉಳಿದೀತು. ದುಡ್ಡು ಸಿಗುವುದು ಮುಗಿದ ಆಡಿಯೊದ ಗಂಟೆ ಲೆಕ್ಕದಲ್ಲಿ. ಆ ಒಂದು ಗಂಟೆಗೆ ಹೊಸಬರು ಮೈಕ್ ಮುಂದೆ ಎರಡು ಮೂರು ಗಂಟೆ ಕೂರುತ್ತಾರೆ, ಎಡಿಟಿಂಗಿಗೆ ಮತ್ತೆ ಅಷ್ಟೇ ಹೊತ್ತು ಹೋಗುತ್ತದೆ. ಮರುಓದಿಗೆ ಬಿಡಿಗಾಸೂ ಇಲ್ಲ.

ನಾನು ಮೊದಲು ಹೋದದ್ದು ಸುಲಭದ ದಾರಿಗೆ: ನಾಯ್ಸ್ ರಿಡಕ್ಷನ್, ಅಂದರೆ ಹಿನ್ನೆಲೆಯ ಸದ್ದನ್ನು ಸಾಫ್ಟ್‌ವೇರಿನಲ್ಲಿ ಅಳಿಸುವುದು. ಅದು ಮಳೆಯನ್ನು ತೆಗೆಯಿತು, ಜೊತೆಗೆ ಸಕಾರ ಶಕಾರಗಳನ್ನೂ ಸವೆಸಿತು. ಸ, ಶ, ಷ ಮೂರೂ ಗಾಳಿ ಉಜ್ಜಿ ಹುಟ್ಟುವ ಸದ್ದು. ಮಳೆಯ ಸದ್ದಿನ ಹರವೂ ಹೆಚ್ಚುಕಡಿಮೆ ಅಂಥದ್ದೇ ಆದ್ದರಿಂದ ಸಾಫ್ಟ್‌ವೇರಿಗೆ ಎರಡರ ವ್ಯತ್ಯಾಸ ಸಿಗುವುದಿಲ್ಲ. 'ಹಸಿರು' ತೊದಲಿದಂತೆ ಕೇಳಿಸಿತು. ಮಾತಿಲ್ಲದಾಗ ಸದ್ದನ್ನು ಮುಚ್ಚಿಬಿಡುವ ಗೇಟ್ ಹಾಕಿದರೆ ಇನ್ನೂ ಕಷ್ಟ. ಮಾತು ನಿಂತಾಗ ಮಳೆ ನಿಲ್ಲುತ್ತದೆ, ಮಾತು ಶುರುವಾದಾಗ ಮಳೆಯೂ ಶುರು. ಕೇಳುವವರ ಕಿವಿಗೆ ಬಿಡದೆ ಸುರಿಯುವ ಮಳೆಗಿಂತ ಇದು ಹೆಚ್ಚು ಚುಚ್ಚುತ್ತದೆ.

ಪರಿಹಾರ ಸಿಕ್ಕಿದ್ದು ಮೈಕಿನ ದೂರದಲ್ಲಿ, ಮತ್ತೆ ಕೋಣೆಯಲ್ಲಿ. 'ಪ', 'ಭ' ಸಿಡಿಯುತ್ತವೆ ಅಂತ ಮೈಕನ್ನು 40 ಸೆಂಟಿಮೀಟರ್ ದೂರ ಇಟ್ಟಿದ್ದೆ. ದೂರ ಅರ್ಧವಾದರೆ ದನಿ ಸುಮಾರು 6 ಡಿಬಿ ಹೆಚ್ಚುತ್ತದೆ, ಕೋಣೆಯ ಗದ್ದಲ ಇದ್ದಷ್ಟೇ ಇರುತ್ತದೆ. 20 ಸೆಂಟಿಮೀಟರಿಗೆ ತಂದು, ಬಾಯಿಗೆ ನೇರ ಹಿಡಿಯದೆ 45 ಡಿಗ್ರಿ ಓರೆಯಾಗಿಟ್ಟು, ಬಾಯಿಯ ಗಾಳಿ ತಡೆಯುವ ಪಾಪ್ ಫಿಲ್ಟರ್ ಹಾಕಿದರೆ ಸಿಡಿತವೂ ಇಲ್ಲ. ಇಷ್ಟಕ್ಕೇ ಅಂತರ 38 ಆಯಿತು.

ಇನ್ನು ಕೋಣೆ. ಗೋಡೆಗೆ ಫೋಮ್ ಅಂಟಿಸಿದರೆ ಮಳೆ ನಿಲ್ಲುತ್ತದೆ ಎಂದು ನಂಬಿದ್ದೆ. ಫೋಮಾಗಲಿ ಕಂಬಳಿಯಾಗಲಿ ಕೋಣೆಯೊಳಗಿನ ಪ್ರತಿಧ್ವನಿ ಹೀರುತ್ತವೆ, ಅಷ್ಟೇ. ಹೊರಗಿನ ಸದ್ದು ತಡೆಯಲು ತೂಕ ಬೇಕು. ನಮ್ಮ ಕಡೆಯ ಹಳೇ ಮನೆಗಳಲ್ಲಿ ಅದಕ್ಕೆ ಜಾಗ ಇದ್ದೇ ಇದೆ: ಮರದ ಮುಚ್ಚಿಗೆಯ ಒಳಕೋಣೆ, ಮೇಲೆ ಅಟ್ಟದಲ್ಲಿ ಭತ್ತದ ಮೂಟೆ, ಸುತ್ತ ದಪ್ಪ ಮಣ್ಣಿನ ಗೋಡೆ. ಅಲ್ಲಿ ಎರಡು ಕಡೆ ಕಂಬಳಿ ಇಳಿಬಿಟ್ಟು ಕೂತರೆ ಜಿಟಿಜಿಟಿ ಮಳೆಯಲ್ಲೂ 45 ಡಿಬಿ ಅಂತರ ಸಿಗುತ್ತದೆ. ಜೋರು ಮಳೆಗೆ ಅದೂ ಸಾಲದು, ಎದ್ದು ಬರಬೇಕು.

ಮಳೆಗಾಲದ ಇನ್ನೊಂದು ಕಾಟ ಥಂಡಿ. ಕಂಡೆನ್ಸರ್ ಮೈಕಿನ ಕ್ಯಾಪ್ಸೂಲಿಗೆ (ದನಿ ಹಿಡಿಯುವ ಭಾಗಕ್ಕೆ) ತೇವ ಹಿಡಿದರೆ ಪಟಪಟ ಸದ್ದು ಬರುತ್ತದೆ. ಕೆಲಸ ಮುಗಿದ ಮೇಲೆ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಬೇಕು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ರೆಕಾರ್ಡ್ ಮಾಡುವುದು ಕ್ಷೇಮ, 50 ಹರ್ಟ್ಸಿನ ಗುಂಯ್‌ಗುಡುವಿಕೆ ಬಹಳ ಸಲ ಅಲ್ಲಿಂದಲೇ ಬರುತ್ತದೆ.

ಓದಿನ ವಿಷಯಕ್ಕೆ ಬಂದರೆ, ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಕಣ್ಣು ನಾಲಿಗೆಗಿಂತ ಒಂದು ಸಾಲು ಮುಂದಿರಬೇಕು. 'ಬಂದನು' ಅಂತ ಏರಿಸಿದ ದನಿ 'ಬಂದನೆಂದು ಸುಳ್ಳು ಹೇಳಿದಳು' ಆದಾಗ ಮುಗ್ಗರಿಸುತ್ತದೆ. ಸಮಾಸ ಉದ್ದವಿದ್ದರೆ ಪೆನ್ಸಿಲ್ಲಿನಲ್ಲಿ ಒಡೆದಿಟ್ಟುಕೊಳ್ಳಿ. 'ಫಲ'ದ ಫಕಾರಕ್ಕೆ ತುಟಿ ಸೇರಬೇಕು, ಹಲ್ಲು ತಾಗಿದರೆ 'ಫ್ಯಾನ್' ಆಗುತ್ತದೆ. ಎಡವಿದಾಗ ಪಂಚ್ ಅಂಡ್ ರೋಲ್ ಮಾಡಿ: ಮೂರು ಸೆಕೆಂಡ್ ಹಿಂದಿನಿಂದ ಕೇಳಿ, ಉಸಿರಿನ ಜಾಗದಿಂದ ಮತ್ತೆ ಓದಿ ರೆಕಾರ್ಡ್ ಮಾಡಿ.

ಪಿಕಪ್ (ತಪ್ಪಿದ ಪದವನ್ನು ಮತ್ತೆ ಓದಿಕೊಡಿ ಎಂಬ ಸೂಚನೆ) ಬಂದರೆ ಆ ಪದವೊಂದನ್ನೇ ಓದಿ ಅಂಟಿಸಬೇಡಿ, ಪೂರ್ತಿ ವಾಕ್ಯ ಓದಿ. ಬೆಳಗಿನ ದನಿ ತಗ್ಗಿನಲ್ಲಿರುತ್ತದೆ, ಸಂಜೆಯ ದನಿ ಅದಕ್ಕೆ ಕೂಡುವುದಿಲ್ಲ. ಮೂಲ ಓದಿದ ಹೊತ್ತು, ಮೈಕಿನ ದೂರ, ಗೇನ್ (ರೆಕಾರ್ಡಿಂಗಿಗೆ ಮೈಕ್ ಏರಿಸಿಟ್ಟ ಮಟ್ಟ) ಮೂರನ್ನೂ ಬರೆದಿಟ್ಟಿದ್ದರೆ ಮಾತ್ರ ತೇಪೆ ಕಾಣಿಸುವುದಿಲ್ಲ. ನಾನು ಬರೆದಿಟ್ಟಿರಲಿಲ್ಲ. ಅದಕ್ಕೇ ಕೆಟ್ಟ ಭಾಗಗಳನ್ನಷ್ಟೇ ತಿದ್ದಲು ಆಗದೆ 11 ಅಧ್ಯಾಯಗಳನ್ನೂ ಮುಚ್ಚಿಗೆ ಕೋಣೆಯಲ್ಲಿ, ಬೆಳಗಿನ ಜಾವ ಮಳೆ ಬಿಟ್ಟ ಹೊತ್ತು ಕಾದು, ಮೊದಲಿನಿಂದ ಓದಿದೆ.

ಈಗ ಪ್ರತಿ ಪುಸ್ತಕಕ್ಕೂ ಮೊದಲು ಐದು ನಿಮಿಷದ ಸ್ಯಾಂಪಲ್ ಓದಿ, ಲೆವೆಲ್ ಏರಿಸಿ, ಆಮೇಲೆ ಅಳೆದು ಕ್ಯೂಸಿಗೆ ಕಳಿಸುತ್ತೇನೆ. ಅವರು ಹೂಂ ಅಂದ ಮೇಲೆಯೇ ಒಂದನೇ ಅಧ್ಯಾಯ.