ಫ್ಯಾಲೋ ಹೃದಯದ ಒಳಗೆ ನಿಂತಾಗ

ನಮ್ಮ ಮೆಡಿಕಲ್ ಕಾಲೇಜಿನ ಪೆಥಾಲಜಿ (ರೋಗಶಾಸ್ತ್ರ) ಮ್ಯೂಸಿಯಂನ ಜಾಡಿಗಳಲ್ಲಿ ನನಗೆ ಜಾಸ್ತಿ ನೆನಪಿರುವುದು ಫ್ಯಾಲೋ ಹೃದಯ. ಮಗುವಿನ ಮುಷ್ಟಿಯಷ್ಟೇ ಇತ್ತು. ಕೆಡದಂತೆ ಇಡುವ ಫಾರ್ಮಲಿನ್‌ನಲ್ಲಿ ಬಣ್ಣ ಕಳೆದುಕೊಂಡು ಬೂದುಬಣ್ಣಕ್ಕೆ ತಿರುಗಿತ್ತು. ಆ ಜಾಡಿ ಮುಂದಿಟ್ಟುಕೊಂಡು ನಮ್ಮ ಸರ್ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಹೆಸರು ಆಮೇಲೆ ಹೇಳೋರಂತೆ. ಮೊದಲು ರಕ್ತ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಹೇಳಿ."

ಹೆಸರು ನಮಗೆ ಬಾಯಿಪಾಠವಾಗಿತ್ತು. ಟೆಟ್ರಾಲಜಿ ಆಫ್ ಫ್ಯಾಲೋ. 1888ರಲ್ಲಿ ಫ್ರಾನ್ಸಿನ ಮಾರ್ಸೆಯಲ್ಲಿದ್ದ ವೈದ್ಯ ಫ್ಯಾಲೋ ವಿವರಿಸಿದ ಹುಟ್ಟುದೋಷ. ಹೃದಯದ ಕೆಳಗಿನ ಎರಡು ಕೋಣೆಗಳಾದ ವೆಂಟ್ರಿಕಲ್‌ಗಳ ನಡುವೆ ತೂತು, ಶ್ವಾಸಕೋಶಕ್ಕೆ ಹೋಗುವ ದಾರಿ ಇಕ್ಕಟ್ಟು, ತೂತಿನ ಮೇಲೆ ಕೂತ ಅಯೋರ್ಟಾ (ದೇಹಕ್ಕೆಲ್ಲ ರಕ್ತ ಒಯ್ಯುವ ದೊಡ್ಡ ನಾಳ), ದಪ್ಪಗಾದ ಬಲ ವೆಂಟ್ರಿಕಲ್. ನಾಲ್ಕನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದೆವು. ಸರ್ ಬೋರ್ಡಿನ ಮೇಲೆ ನೀಲಿ, ಕೆಂಪು ಚಾಕ್‌ಪೀಸಿನಲ್ಲಿ ಬಾಣ ಎಳೆದು ತೋರಿಸುತ್ತಿದ್ದರು. ಎಷ್ಟು ಚೆನ್ನಾಗಿ ಬರೆದರೂ ಬೋರ್ಡು ಚಪ್ಪಟೆ ಅಲ್ವಾ? ಈ ನಾಲ್ಕೇ ಯಾಕೆ ಸದಾ ಜೊತೆಯಲ್ಲಿ ಬರುತ್ತವೆ ಅನ್ನುವುದು ಅದರಲ್ಲಿ ಕಾಣುತ್ತಿರಲಿಲ್ಲ.

ಮೈಸೂರಿನ ಚೆಲುವಾಂಬ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಅಂಥ ಹೃದಯ ಇದ್ದ ಒಬ್ಬ ಹುಡುಗನನ್ನು, ಅಲ್ಲಿ ನಮಗೆ ಕಲಿಸುತ್ತಿದ್ದ ಮೇಡಂ ತೋರಿಸಿದ್ದರು. ತುಟಿ, ಉಗುರು ನೀಲಿ. ಬಾಗಿಲತನಕ ಓಡಿ, ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. "ಯಾರೂ ಕಲಿಸಿಲ್ಲ ಅವನಿಗೆ, ನೋಡಿ" ಎಂದರು ಮೇಡಂ. ಹಾಗೆ ಕೂತಾಗ ಕಾಲಿನ ರಕ್ತನಾಳಗಳು ಒತ್ತಿಕೊಳ್ಳುತ್ತವೆ. ದೇಹದ ಕಡೆ ಒತ್ತಡ ಏರುತ್ತದೆ. ತೂತಿನ ಮೂಲಕ ಅಯೋರ್ಟಾಗೆ ನುಗ್ಗುತ್ತಿದ್ದ, ಆಕ್ಸಿಜನ್ ಕಮ್ಮಿಯಿರುವ ಕೆಟ್ಟ ರಕ್ತ ಸ್ವಲ್ಪವಾದರೂ ಶ್ವಾಸಕೋಶದ ಕಡೆ ತಿರುಗುತ್ತದೆ. ಮೇಡಂ ಒಬ್ಬೊಬ್ಬರ ಕೈಯನ್ನೂ ಹಿಡಿದು ಅವನ ಎದೆಯ ಮೇಲಿಟ್ಟರು.

ವರ್ಷಗಳಾದ ಮೇಲೆ, ಮಕ್ಕಳ ವೈದ್ಯನಾಗಿ ಅಮೆರಿಕದ ಪ್ಯಾಲೊ ಆಲ್ಟೊಗೆ ಹೋಗಿದ್ದಾಗ ಹೃದಯವನ್ನು ವರ್ಚುಯಲ್ ರಿಯಾಲಿಟಿಯಲ್ಲಿ ತೋರಿಸುವ 'ಸ್ಟ್ಯಾನ್‌ಫರ್ಡ್ ವರ್ಚುಯಲ್ ಹಾರ್ಟ್' ನೋಡುವ ಅವಕಾಶ ಸಿಕ್ಕಿತು. ಅಲ್ಲಿನ ಲೂಸಿಲ್ ಪ್ಯಾಕರ್ಡ್ ಮಕ್ಕಳ ಆಸ್ಪತ್ರೆಯ ಹೃದ್ರೋಗ ತಜ್ಞ ಡೇವಿಡ್ ಆಕ್ಸಲ್‌ರಾಡ್ ಮತ್ತು ಜೊತೆಯವರು ಮಾಡಿದ್ದು, 2017ರಲ್ಲಿ ಸುದ್ದಿಯಾಗಿತ್ತು. ಸುಮಾರು ಎರಡು ಡಜನ್ ಹುಟ್ಟುದೋಷಗಳನ್ನು ಅದಕ್ಕೆಂದು ಆರಿಸಿಕೊಂಡಿದ್ದರು.

ಕಣ್ಣಿಗೆ ಕಟ್ಟಿಕೊಳ್ಳುವ ಹೆಡ್‌ಸೆಟ್ ಹಾಕಿಕೊಂಡರೆ ಹೃದಯ ಕಣ್ಣೆದುರೇ ಬಡಿಯುತ್ತಿರುತ್ತದೆ. ಕೈಯಲ್ಲಿನ ಕಂಟ್ರೋಲರ್‌ನಿಂದ ತಿರುಗಿಸಬಹುದು, ಒಳಗೂ ಹೋಗಬಹುದು. ನಾನು ಬಲ ವೆಂಟ್ರಿಕಲ್‌ನ ಒಳಗೆ ನಿಂತು ತಲೆಯೆತ್ತಿದೆ. ಎರಡು ದೊಡ್ಡ ರಕ್ತನಾಳಗಳ ದಾರಿಯನ್ನು ಬೇರೆ ಮಾಡುವ ಸಣ್ಣ ಮಾಂಸದ ಗೋಡೆ ಮುಂದಕ್ಕೆ, ಮೇಲಕ್ಕೆ ಸರಿದಿತ್ತು. ಅದು ಸರಿದಿದ್ದಕ್ಕೇ ಶ್ವಾಸಕೋಶದ ದಾರಿ ಇಕ್ಕಟ್ಟು. ಅದು ಕೆಳಗಿನ ಗೋಡೆಯನ್ನು ಕೂಡಿಕೊಳ್ಳದ್ದಕ್ಕೇ ತೂತು. ತೂತಿನ ನೇರಕ್ಕೆ ಅಯೋರ್ಟಾದ ಬಾಯಿ. ಇಕ್ಕಟ್ಟಿಗೆ ಎದುರಾಗಿ ತಳ್ಳಿ ತಳ್ಳಿ ನಾನು ನಿಂತಿದ್ದ ಕೋಣೆಯ ಗೋಡೆ ದಪ್ಪ. ಮನೆ ಕಟ್ಟುವಾಗ ಒಂದು ಅಡ್ಡಗೋಡೆ ಅರ್ಧ ಅಡಿ ಆಚೆ ಎದ್ದರೆ ಎಲ್ಲಾ ಬಾಗಿಲೂ ಕೆಡುತ್ತವಲ್ಲ, ಹಾಗೆ. ಸರ್ ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ನನ್ನ ಪಕ್ಕದಲ್ಲೇ ಹರಿಯುತ್ತಿತ್ತು. ಅವರು ಇದನ್ನು ನೋಡಬೇಕಿತ್ತು ಅಂತ ತುಂಬಾ ಅನ್ನಿಸಿತು.

ಹೆಡ್‌ಸೆಟ್ ಮೇಡಂ ಕಲಿಸಿದ್ದನ್ನು ಕಲಿಸುವುದಿಲ್ಲ. ಸ್ಟೆತಸ್ಕೋಪಿನಲ್ಲಿ ಕೇಳುವ ಮರ್ಮರ್ (ಹೃದಯದಲ್ಲಿ ರಕ್ತ ಹರಿಯುವ ಸದ್ದು), ಅಳುತ್ತಾ ನೀಲಿಗಟ್ಟುವ ಮಗು, ಗಾಬರಿಯಾದ ತಾಯಿ, ಇವೆಲ್ಲ ವಾರ್ಡಿನಲ್ಲೇ ಸಿಗಬೇಕು. ಆದರೆ ಒಳಗಿನ ದಾರಿ ಒಮ್ಮೆ ಕಂಡವರಿಗೆ ಆ ಮರ್ಮರ್ ಎಲ್ಲಿ ಹುಟ್ಟುತ್ತಿದೆ ಅಂತ ಗೊತ್ತಿರುತ್ತದೆ. ಆ ಶಬ್ದ ತೂತಿನದಲ್ಲ, ಇಕ್ಕಟ್ಟು ದಾರಿಯದು. ಇಕ್ಕಟ್ಟು ಬಿಗಿಯಾದಷ್ಟೂ ಅಲ್ಲಿ ಹರಿಯುವ ರಕ್ತ ಕಮ್ಮಿ, ಶಬ್ದ ಕಮ್ಮಿ, ಮಗು ಇನ್ನಷ್ಟು ನೀಲಿ. ಇದನ್ನು ಸುಮ್ನೆ ಉರು ಹೊಡೆದರೆ ಪರೀಕ್ಷೆ ಮುಗಿದ ಮೇಲೆ ಮರೆತುಹೋಗುತ್ತದೆ.

ಹುಟ್ಟುವ ನೂರು ಮಕ್ಕಳಲ್ಲಿ ಹೆಚ್ಚುಕಮ್ಮಿ ಒಂದಕ್ಕೆ ಯಾವುದಾದರೊಂದು ಹೃದಯದೋಷ ಇರುತ್ತದೆ. ನಮ್ಮಲ್ಲಿ ಓದಿದವರು ತಾಲ್ಲೂಕು ಆಸ್ಪತ್ರೆಗಳಿಗೂ ಹೋಗುತ್ತಾರೆ. ಅಂಥ ಮಗುವನ್ನು ಮೊದಲು ನೋಡುವುದು ಅವರೇ. ಹಾಗಾಗಿ ನಮ್ಮ ಬ್ಯಾಚಿನವರು ಮಾತಾಡಿಕೊಂಡಿದ್ದೇವೆ: ಕಾಲೇಜು ಒಪ್ಪಿದರೆ ಹೆಡ್‌ಸೆಟ್‌ಗಳ ಖರ್ಚು ನಮ್ಮದು. ಪೆಥಾಲಜಿ ನಡೆಯುವ ವರ್ಷವೇ ಅವನ್ನು ವಿದ್ಯಾರ್ಥಿಗಳ ಕೈಗೆ ಕೊಡಿ, ಫೈನಲ್ ಇಯರ್‌ವರೆಗೆ ಕಾಯಿಸಬೇಡಿ. ಜೊತೆಗೆ ಬಾಣ ಎಳೆದು ತೋರಿಸುವ ಒಬ್ಬ ಮೇಷ್ಟ್ರೂ ಪಕ್ಕದಲ್ಲಿರಲಿ.